ಕಾಗದದ ಗುಟ್ಟು ಯಾರ ಕೈಯಲ್ಲಿ?

ಪರರ ಲಕೋಟೆಯನ್ನು ಒಡೆದು ಓದಬಾರದೆಂಬುದು ಓದುಬರಹ ಬಾರದವನೂ ಬಲ್ಲ ಮರ್ಯಾದೆ. ಆದರೆ ಇಂದಿನ ಇ-ಮೇಲ್ ಲಕೋಟೆಯಲ್ಲ, ಬರಿಯ ಕಾರ್ಡು. ದಾರಿಯಲ್ಲಿ ಕಾವಲಿದ್ದರೂ ಅಂಚೆ ನಡೆಸುವ ಕಂಪನಿಯ ಯಂತ್ರದಲ್ಲಿ ಅದು ಬಿಚ್ಚಿಟ್ಟ ಕಾಗದವೇ ಸರಿ.

ಆಳುವವರಿಗೆ ಕಾಗದ ಒಡೆಯುವ ಚಪಲ ಹೊಸದಲ್ಲ. ಬ್ರಿಟಿಷರ 1898ರ ಅಂಚೆ ಕಾಯಿದೆ ಆ ಅಧಿಕಾರ ಕೊಟ್ಟಿತ್ತು. 1986ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಗೆ ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕಲಿಲ್ಲ. ಆದರೂ 2023ರ ಹೊಸ ಅಂಚೆ ಕಾಯಿದೆ ಆ ಅಧಿಕಾರವನ್ನು ಉಳಿಸಿಕೊಂಡಿದೆ. ಇ-ಮೇಲ್‌ಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮು ಇದ್ದೇ ಇದೆ.

ಹಾಗಾದರೆ ಜನಸಾಮಾನ್ಯನಿಗೆ ಗತಿಯೇನು? 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅದು ಪರದೇಶಕ್ಕೆ ಹೋಯಿತೆಂದು ಅಲ್ಲಿನ ಸರಕಾರ, ಮದ್ದುಗುಂಡು ಸಾಗಿಸಿದವರ ಮೇಲೆಂಬಂತೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಆ ವಿಧಾನ 2020ರಿಂದ ಥಂಡರ್‌ಬರ್ಡ್ ಎಂಬ ಉಚಿತ ಅಂಚೆ ತಂತ್ರಾಂಶದೊಳಗೇ ಸೇರಿದೆ.

ಅದರ ಖಾತೆಯ ಸೆಟ್ಟಿಂಗಿನಲ್ಲಿ 'ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್' ಎಂಬಲ್ಲಿ ಹೊಸ ಓಪನ್‌ಪಿಜಿಪಿ ಕೀಲಿ ಮಾಡಿಸಿದರೆ ಒಂದು ಜೋಡಿ ದೊರೆಯುತ್ತದೆ. ಒಂದು ಬೀಗವಿದ್ದಂತೆ, ಇನ್ನೊಂದು ಬೀಗದಕೈ. ಬೀಗವನ್ನು ಊರಿಗೆಲ್ಲ ಹಂಚಿರಿ. ಬೀಗದಕೈ ಯಾರಿಗೂ ಕೊಡಕೂಡದು. ಅದರ ಪ್ರತಿಯೊಂದನ್ನು ಬೇರೆಡೆ ಭದ್ರವಾಗಿಡಿ. ಕಳೆದರೆ ನಿಮ್ಮ ಕಾಗದ ನಿಮಗೂ ತೆರೆಯದು. ನಿಮಗೆ ಬರೆಯುವವರು ನಿಮ್ಮ ಬೀಗ ಹಾಕಿ ಕಳಿಸುತ್ತಾರೆ, ನೀವು ಅವರ ಬೀಗ ಹಾಕಿ ಕಳಿಸುತ್ತೀರಿ. ಆದುದರಿಂದ ಇದು ಒಬ್ಬಂಟಿಯ ಕೆಲಸವಲ್ಲ, ಸಂಘದ ಕೆಲಸ. ಬಂದ ಬೀಗ ಗೆಳೆಯನದೇ ಹೌದೆ ಎಂದು, ಅದರ 'ಫಿಂಗರ್‌ಪ್ರಿಂಟ್' ಎಂಬ ಅಂಕಿ-ಅಕ್ಷರಗಳನ್ನು ಎದುರುಬದುರು ಕುಳಿತು ತಾಳೆ ನೋಡಬೇಕು. ಯಾರು ಯಾರಿಗೆ, ಯಾವಾಗ ಬರೆದರೆಂಬುದು ಮಾತ್ರ ಇದರಿಂದ ಮರೆಯಾಗದೆಂಬುದೂ ನೆನಪಿರಲಿ.

"ತಪ್ಪು ಮಾಡದವನಿಗೆ ಗುಟ್ಟೇಕೆ?" ಎಂದು ಕೇಳುವವರುಂಟು. ಕಚೇರಿಯ ಲಂಚವನ್ನು ಬಯಲಿಗೆಳೆಯುವ ಗುಮಾಸ್ತ, ಬಾಕಿ ಕೂಲಿಯ ಲೆಕ್ಕ ಬರೆದು ಕಳಿಸುವ ಕಾರ್ಮಿಕ ಮಾಡಿದ ತಪ್ಪೇನು? ಅವರ ಕಾಗದ ಬಯಲಾದರೆ ಮೊದಲು ಹೋಗುವುದು ಅವರ ಅನ್ನ.

ಬೀಗ ಹಾಕುವುದು ಕಾಯಿದೆಯನ್ನು ಮೀರುವುದಲ್ಲ. ಬಿಚ್ಚಿ ತೋರಿಸಲು ಅಧಿಕೃತ ಆಜ್ಞೆ ಬಂದಾಗ ನೆರವಾಗದವನಿಗೆ ಅದೇ 69ನೆಯ ಕಲಮು 7 ವರ್ಷದವರೆಗೆ ಸೆರೆ ಹೇಳುತ್ತದೆ. ಆದರೆ ಬೀಗವಿಲ್ಲದ ಕಾಗದವನ್ನು ಕಂಪನಿಯಿಂದ ನಿಮಗೆ ಸುಳಿವೇ ಇಲ್ಲದಂತೆ ಪಡೆಯಬಹುದು. ಬೀಗವಿದ್ದರೆ ಆಜ್ಞೆ ಹಿಡಿದು ನಿಮ್ಮ ಬಾಗಿಲಿಗೇ ಬರಬೇಕು. ಹಿತ್ತಿಲಿನಿಂದ ನುಗ್ಗುವ ಅಧಿಕಾರವನ್ನು ಮುಂಬಾಗಿಲಿಗೆ ತಂದು ನಿಲ್ಲಿಸುವುದೇ ಪ್ರಜಾಪ್ರಭುತ್ವ. ಪ್ರತಿಯೊಂದು ಸಂಘದ ಕಚೇರಿಯೂ ಈ ಬೀಗದ ಬಳಕೆ ಕಲಿಯಲಿ.