ರೀಚಾರ್ಜ್ ಮಾಡುವ ಮುನ್ನ ಲೆಕ್ಕ ಹಾಕಿ

ಮನೆಯ ಖರ್ಚಿನ ಚೀಟಿ ಬರೆಯುವಾಗ ಅಕ್ಕಿ, ಎಣ್ಣೆ, ಹಾಲು, ಗ್ಯಾಸು, ಮಕ್ಕಳ ಫೀಸು ಎಲ್ಲವನ್ನೂ ನೀವು ಬರೆಯುತ್ತೀರಿ. ಮೊಬೈಲ್ ರೀಚಾರ್ಜನ್ನು ಬರೆಯುತ್ತೀರಾ? ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಲೆಕ್ಕವೇ ಇರುವುದಿಲ್ಲ. ಇಂದು ಮಗನದು, ನಾಲ್ಕು ದಿನ ಬಿಟ್ಟು ನಿಮ್ಮದು, ಮತ್ತೊಂದು ವಾರಕ್ಕೆ ಅತ್ತೆಯದು. ಹೀಗೆ ಬಿಡಿಬಿಡಿಯಾಗಿ ಹೋಗುವ ಹಣ ಕಣ್ಣಿಗೆ ಬೀಳುವುದಿಲ್ಲ. ಹನಿ ಹನಿಗೂಡಿದರೆ ಹಳ್ಳ ಎನ್ನುವ ಮಾತು ಉಳಿತಾಯಕ್ಕೆ ಹೊಂದುವಂತೆ ಸೋರಿಕೆಗೂ ಹೊಂದುತ್ತದೆ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ಒಂದು ನಿಮಿಷದ ಮಾತಿಗೆ ಸುಮಾರು 16 ರೂಪಾಯಿವರೆಗೂ ತೆರಬೇಕಿತ್ತು. ಬರುವ ಕರೆಗೂ ದುಡ್ಡು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್ ಭಾಷೆ ಮನೆಮನೆಗೆ ಬಂದದ್ದು ಆ ಬಳಿಕವೇ. ಸಿಂಧನೂರಿನಿಂದ ಹೊರಟವರು ಬೆಂಗಳೂರು ಮುಟ್ಟಿದರೆ ಒಂದು ರಿಂಗ್, ತಿರುಗಿ ಕರೆ ಮಾಡಬೇಕಿದ್ದರೆ ಎರಡು ರಿಂಗ್! ಆಗ ಉಳಿತಾಯವೆಂದರೆ ಕಡಿಮೆ ಮಾತಾಡುವುದು.

ಈಗ ಆ ಉಪಾಯ ನಡೆಯುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮಾತು ಅನಿಯಮಿತವಾಯಿತು. ಆದರೆ 2018ರ ಕೊನೆಗೆ ಕನಿಷ್ಠ ರೀಚಾರ್ಜ್ ಎಂಬುದೂ ಬಂತು. ಅವಧಿ ಮುಗಿದರೆ ಹೊರಹೋಗುವ ಕರೆ ಮಾತ್ರವಲ್ಲ, ಕೆಲವು ದಿನಗಳಲ್ಲಿ ಬರುವ ಕರೆಯೂ ನಿಲ್ಲುತ್ತದೆ. ಅಂದರೆ ನೀವು ಈಗ ಹಣ ಕೊಡುವುದು ಆಡಿದ ಮಾತಿಗಲ್ಲ, ದಿನಗಳಿಗೆ ಮತ್ತು ಡೇಟಾಕ್ಕೆ. ಹಣ ಸೋರುವುದೂ ಇವೆರಡರಲ್ಲೇ.

ಮೊದಲು ದಿನಗಳ ಲೆಕ್ಕ ನೋಡಿ. ಬಹುತೇಕ ಪ್ಯಾಕುಗಳ ಅವಧಿ 28 ದಿನ. ವರ್ಷಕ್ಕೆ ತಿಂಗಳು 12, ಆದರೆ 28 ದಿನದ ರೀಚಾರ್ಜ್ 13 ಸಲ ಆಗುತ್ತದೆ. ಈ ದೂರು ಹೆಚ್ಚಿದ್ದರಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕುಗಳನ್ನೂ ಕೊಡಬೇಕೆಂದು 2022ರ ಜನವರಿಯಲ್ಲಿ ಆದೇಶಿಸಿತು. ಅಂಗಡಿಯಲ್ಲಿ ಬೆಲೆ ಮಾತ್ರ ಕೇಳಬೇಡಿ. ಎಷ್ಟು ದಿನ ಎಂದೂ ಕೇಳಿ, ಬೆಲೆಯನ್ನು ದಿನಗಳಿಂದ ಭಾಗಿಸಿ. ದಿನಕ್ಕೆ ಎಷ್ಟು ಬೀಳುತ್ತದೆ ಎಂಬುದೇ ನಿಜವಾದ ಬೆಲೆ.

ಇನ್ನು ಡೇಟಾ. ದಿನಕ್ಕೆ ಇಷ್ಟು ಜಿಬಿ ಎಂದು ಕೊಡುವ ಡೇಟಾ ಬಳಸದಿದ್ದರೆ ಸಾಮಾನ್ಯವಾಗಿ ಮಧ್ಯರಾತ್ರಿಗೆ ಕಳೆದುಹೋಗುತ್ತದೆ. ಕರೆ ಸ್ವೀಕರಿಸಲು ಮಾತ್ರ ಫೋನ್ ಹಿಡಿಯುವ ಅಜ್ಜಿಗೆ, ಕೀಪ್ಯಾಡ್ ಸೆಟ್ ಇರುವ ಅತ್ತೆಗೆ ಈ ಡೇಟಾ ಏತಕ್ಕೆ? ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ರತ್ಯೇಕ ಪ್ಯಾಕ್ ಇರಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಯಾಕುಗಳನ್ನು ತಂದವು.

ಒಂದು ಉದಾಹರಣೆ ನೋಡೋಣ. 2024ರ ಜುಲೈಯಲ್ಲಿ ದರ ಏರಿದಾಗ ಏರ್‌ಟೆಲ್‌ನ ದಿನಕ್ಕೆ 1 ಜಿಬಿಯ 28 ದಿನದ ಪ್ಯಾಕ್ 299 ರೂಪಾಯಿ ಆಯಿತು. ಅಂದರೆ 13 ಸಲಕ್ಕೆ 3,887 ರೂಪಾಯಿ. ಅದೇ ಕಂಪನಿ 2025ರ ಜನವರಿಯಲ್ಲಿ ತಂದ, ಡೇಟಾ ಇಲ್ಲದ 365 ದಿನದ ಪ್ಯಾಕ್‌ಗೆ 1,849 ರೂಪಾಯಿ. ಒಂದು ಫೋನಿಗೆ 2,038 ರೂಪಾಯಿ ಉಳಿಯಿತು. ಮನೆಯಲ್ಲಿ ಇಂಥ ಎರಡು ಫೋನಿದ್ದರೆ 4,076! ದರಗಳು ಬದಲಾಗುತ್ತಿರುತ್ತವೆ, ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ. ಡೇಟಾ ಇಲ್ಲದ ಪ್ಯಾಕನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು. ಅತ್ತೆಗೆ ಎಂದಾದರೂ ದೂರದ ಮಗನ ಮುಖ ನೋಡಿ ಮಾತಾಡಬೇಕೆನಿಸಿದರೆ ನಿಮ್ಮ ಫೋನಿನಿಂದಲೇ ವಿಡಿಯೋ ಕರೆ ಮಾಡಿಕೊಡಬಹುದು.

“ಒಂದೇ ಸಲ 1,849 ಎಲ್ಲಿಂದ ತರೋದು?” ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಿಂಧನೂರು ಭತ್ತದ ನಾಡು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಇಲ್ಲಿ ಬೆಳೆಗಾರರ ಕೈಗೆ ದುಡ್ಡು ಬರುವುದು ಸುಗ್ಗಿಯಲ್ಲಿ. ನಾಟಿಗೆ ಹೋಗುವ ಹೆಣ್ಣುಮಕ್ಕಳಿಗೆ ಕೆಲಸ ಸಿಗುವುದೂ ಹಂಗಾಮಿನಲ್ಲೇ. ಆದರೆ ರೀಚಾರ್ಜ್ ಮಾತ್ರ 28 ದಿನಕ್ಕೊಮ್ಮೆ ಬಾಗಿಲು ತಟ್ಟುತ್ತದೆ. ಆದ್ದರಿಂದ ಬೆಳೆ ಮಾರಿದ ವಾರದಲ್ಲೇ ವರ್ಷದ ಅಥವಾ 84 ದಿನದ ಪ್ಯಾಕ್ ಹಾಕಿಸುವುದು ಜಾಣತನ. ಗ್ಯಾರೇಜು, ಹಣ್ಣಿನ ಗಾಡಿ, ದಿನಗೂಲಿ ನಂಬಿದ ಮನೆಯಾದರೆ ಅಡುಗೆಮನೆಯಲ್ಲಿ ಒಂದು ಡಬ್ಬಿ ಇಡಿ. 1,849ನ್ನು 365ರಿಂದ ಭಾಗಿಸಿದರೆ ದಿನಕ್ಕೆ 5 ರೂಪಾಯಿ ಚಿಲ್ಲರೆ. 299ರ ಪ್ಯಾಕ್ ದಿನಕ್ಕೆ 10 ರೂಪಾಯಿ ದಾಟುತ್ತದೆ.

ಇನ್ನು ಕೆಲವು ಸಣ್ಣ ಸೋರಿಕೆಗಳಿವೆ. ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ ಇತ್ಯಾದಿ ಸೇವೆಗಳು ಅರಿವಿಲ್ಲದೆ ಶುರುವಾಗಿ ಹಣ ಕಡಿತವಾಗುತ್ತಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಿ. ಬಳಸದ ಎರಡನೇ ಸಿಮ್ ಅನ್ನು ‘ಇರಲಿ’ ಎಂದು ಸಾಕುವುದು ಬೇಡ. ಆದರೆ ಬ್ಯಾಂಕಿಗೋ ಆಧಾರ್‌ಗೋ ಅದೇ ನಂಬರ್ ಕೊಟ್ಟಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ದರ ದುಬಾರಿಯೆನಿಸಿದರೆ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶದೆಲ್ಲೆಡೆ ಇದೆ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಸಂಕೇತ ಬರುತ್ತದೆ. 2024ರಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಿಎಸ್ಸೆನ್ನೆಲ್ ಏರಿಸಲಿಲ್ಲ, ಬಹಳ ಜನ ಅತ್ತ ಹೋದರು. ಹೋಗುವ ಮುನ್ನ ನಿಮ್ಮ ಮನೆಯೊಳಗೆ, ನಿಮ್ಮ ಹೊಲದಲ್ಲಿ ಆ ಕಂಪನಿಯ ಸಿಗ್ನಲ್ ಸಿಗುತ್ತದೆಯೇ ಎಂದು ನೆರೆಯವರ ಫೋನಿನಲ್ಲಿ ನೋಡಿ.

ಕೊನೆಯದಾಗಿ ಮುಖ್ಯವಾದ ಮಾತು. ಕೈ ಬಿಗಿಯಾದಾಗ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಯಾರ ರೀಚಾರ್ಜ್? ಮಗನದಲ್ಲ, ಯಜಮಾನರದಲ್ಲ. “ನೀನು ಮನೆಯಲ್ಲೇ ಇರುತ್ತೀಯಲ್ಲ” ಎಂದು ಹೆಂಗಸರದು! ಇದು ಉಳಿತಾಯವಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸಂದೇಶ, ಬ್ಯಾಂಕಿನ ಒಟಿಪಿ, ಮಕ್ಕಳ ಶಾಲೆಯ ಕರೆ ಬರುವುದು ನಿಮ್ಮ ನಂಬರಿಗೆ. ಕರೆ, ಸಂದೇಶ, ಡೇಟಾ ಏನೂ ಇಲ್ಲದೆ 90 ದಿನ ಕಳೆದರೆ ಕಂಪನಿ ಆ ನಂಬರನ್ನು ಮುಚ್ಚಬಹುದು. ಮುಚ್ಚಿದ ಮೇಲೆ ಕನಿಷ್ಠ 90 ದಿನ ಬಿಟ್ಟು ಅದನ್ನು ಬೇರೊಬ್ಬರಿಗೆ ಕೊಡುತ್ತಾರೆ. ಆಮೇಲೆ ನಿಮ್ಮ ಒಟಿಪಿ ಅಪರಿಚಿತರ ಕೈಗೆ! ತವರಿನ ದನಿಯೂ ಆ ನಂಬರಿನೊಂದಿಗೇ ಹೋಗುತ್ತದೆ.

ಆದ್ದರಿಂದ ಸಹೋದರಿಯರೇ, ಇಂದೇ ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಪ್ರತಿ ಫೋನಿನ ಮುಂದೆ ಯಾರದು, ಬೆಲೆ ಎಷ್ಟು, ಎಷ್ಟು ದಿನ, ಡೇಟಾ ಬೇಕೋ ಬೇಡವೋ ಎಂದು ಬರೆಯಿರಿ. ಅದನ್ನು ಮನೆಯವರೆಲ್ಲ ಕೂತು ನೋಡಲಿ. ಕತ್ತರಿ ಹಾಕಬೇಕಾದದ್ದು ಬೇಡದ ಡೇಟಾಕ್ಕೆ, ನಿಮ್ಮ ನಂಬರಿಗಲ್ಲ.