ಪೇಪರು ಓದೋದನ್ನ ಕಲಿಸೋಣ



ಕೇರಿಗೆ ನುಗ್ಗಿ ಹೊಡೆದರೆ ಮಾರನೇ ದಿನ ಪೇಪರಿನಲ್ಲಿ ಎಷ್ಟೋ ಸಲ ಏನು ಬರುತ್ತೆ? 'ಎರಡು ಗುಂಪುಗಳ ಘರ್ಷಣೆ' ಅಂತ. ಹೊಡೆದವರೂ ಒಂದು ಗುಂಪು, ಹೊಡೆಸಿಕೊಂಡವರೂ ಒಂದು ಗುಂಪು! ನಮ್ಮ ಹಾಸ್ಟೆಲಿನ ಎಂಟನೇ ಕ್ಲಾಸಿನ ಹುಡುಗ ಅದನ್ನೇ ನಿಜ ಅಂತ ನಂಬಿಬಿಡುತ್ತಾನೆ.

1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ತಂದರು. ಕಾಸು ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲು 'ಕೇಸರಿ' ಒಪ್ಪಲಿಲ್ಲ. ಅವರು ಸುಮ್ಮನಾಗಲಿಲ್ಲ, 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ' ತಂದರು. ಪತ್ರಿಕೆಗೂ ಒಡೆಯನಿದ್ದಾನೆ, ಒಡೆಯನಿಗೂ ಜಾತಿಯಿದೆ ಅನ್ನೋದು ಅವರಿಗೆ ಗೊತ್ತಿತ್ತು.

ಹಾಗಂತ ಪೇಪರೇ ಬೇಡ ಅನ್ನುವವರಲ್ಲ ನಾವು. ಮುಚ್ಚಿಟ್ಟ ಅನ್ಯಾಯ ಎಷ್ಟೋ ಸಲ ಬೆಳಕಿಗೆ ಬಂದದ್ದೂ ಪೇಪರಿನಿಂದಲೇ. ಆದ್ದರಿಂದ ಭಾನುವಾರ ಒಂದು ಗಂಟೆ ಕಿರಿಯರನ್ನು ಕೂರಿಸಿಕೊಳ್ಳೋಣ. ಒಂದೇ ಸುದ್ದಿಯನ್ನು ಎರಡು ಪೇಪರಿನಲ್ಲಿ ಓದಿಸೋಣ. ಕೇಳೋಣ: ಇದನ್ನು ಹೇಳಿದವರು ಯಾರು? ಪೊಲೀಸರೋ, ಊರ ಯಜಮಾನರೋ, ಕೇರಿಯವರೋ? ಯಾರ ಮಾತು ಬಿಟ್ಟುಹೋಗಿದೆ? ಮೊಬೈಲಿಗೆ ಬರುವ ಸುದ್ದಿಗೂ ಇದೇ ಪ್ರಶ್ನೆ, ಅದು ನಮ್ಮ ಪರವಾಗಿದ್ದರೂ ಸರಿ. ಈ ಬುಲೆಟಿನ್ನಿಗೂ ಕೇಳಲಿ.

ಆಮೇಲೆ ತಮ್ಮ ಕೇರಿಯ ಸುದ್ದಿಯನ್ನು ಅವರೇ ಬರೆಯಲಿ. ನಾವು ಅಚ್ಚು ಹಾಕುತ್ತೇವೆ.

ಜೈ ಭೀಮ್.