ಕೊಟ್ಟವರನ್ನು ಕೇಳುವವರಾರು?

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬುದು ನಮ್ಮ ಗಾದೆ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ನೀಡುವ 'ಅಭಿವೃದ್ಧಿ ನೆರವಿ'ನಲ್ಲಿ ಈ ಗಾದೆ ತಲೆಕೆಳಗಾಗುತ್ತದೆ. ಅಲ್ಲಿ ಕೊಟ್ಟವನೇ ಈರಭದ್ರ. ಅವನು ತಪ್ಪು ಮಾಡಿದರೆ ಇಸ್ಕೊಂಡವನಿಗೆ ಕೋರ್ಟೂ ಇಲ್ಲ, ಓಟೂ ಇಲ್ಲ. ಸಂಶಯವಿದ್ದವರು ಹೈಟಿಯ ಆರ್ಟಿಬೊನೀಟ್ ನದಿಯ ಕತೆ ಕೇಳಬೇಕು.

ಹೈಟಿ, ಗುಲಾಮರೇ ದಂಗೆಯೆದ್ದು 1804ರಲ್ಲಿ ಫ್ರೆಂಚರಿಂದ ಬಿಡಿಸಿಕೊಂಡ ಕೆರಿಬಿಯನ್ ನಾಡು. ಆರ್ಟಿಬೊನೀಟ್ ಕಣಿವೆ ಅದರ ಭತ್ತದ ಕಣಜ. 1980ರ ದಶಕದ ಆರಂಭದಲ್ಲಿ ಅಲ್ಲಿಯ ಜನ ಉಣ್ಣುವ ಅಕ್ಕಿಯ ಬಹುಪಾಲನ್ನು ಅಲ್ಲಿಯ ರೈತರೇ ಬೆಳೆಯುತ್ತಿದ್ದರು. 1991ರಲ್ಲಿ ಸೈನ್ಯ ಕೆಳಗಿಳಿಸಿದ್ದ ಚುನಾಯಿತ ಅಧ್ಯಕ್ಷ ಅರಿಸ್ಟೀಡ್ ಅವರನ್ನು ಅಮೆರಿಕ 1994ರಲ್ಲಿ ತನ್ನ ಸೈನ್ಯ ಕಳಿಸಿ ಮರಳಿ ಕೂರಿಸಿತು. ಅದರ ಬೆನ್ನಿಗೇ, ಸಾಲ ಕೊಡುವವರ ಷರತ್ತಿಗೆ ಮಣಿದು, ಅಕ್ಕಿಯ ಆಮದು ಸುಂಕ ಶೇ. 3ಕ್ಕೆ ಇಳಿಯಿತು. ಅಮೆರಿಕದ ಸಬ್ಸಿಡಿ ಅಕ್ಕಿ ಹಡಗುಗಟ್ಟಲೆ ಬಂದು ಬಿತ್ತು. ಓಟು ಹಾಕಿದ ರೈತನಿಗೆ ತನ್ನ ಗದ್ದೆಯ ಬಗ್ಗೆಯೇ ಮಾತಾಡುವ ಹಕ್ಕಿಲ್ಲವೆಂದಾದರೆ ಮರಳಿ ಬಂದ ಪ್ರಜಾಪ್ರಭುತ್ವ ಯಾರದು? ಅದು ತಪ್ಪಾಗಿತ್ತು, ತನ್ನ ಆರ್ಕನ್ಸಾಸ್ ರಾಜ್ಯದ ಕೆಲವು ರೈತರಿಗೆ ಲಾಭವಾಗಿದ್ದಿರಬಹುದು ಎಂದು ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಹೈಟಿಯ ರೈತರ ಮುಂದಲ್ಲ.

ಆ ವರ್ಷದ ಜನವರಿಯಲ್ಲಿ ಭೂಕಂಪವಾಗಿತ್ತು. ಅಕ್ಟೋಬರ್ ಹೊತ್ತಿಗೆ ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರವೊಂದರ ಹೊಲಸು ಅದೇ ನದಿಗೆ ಸೇರಿತು. ನೂರು ವರ್ಷಗಳಿಂದ ಕಾಲರಾ ಕಾಣದ ನಾಡಿನಲ್ಲಿ ಎಂಟು ಲಕ್ಷ ಮಂದಿಗೆ ರೋಗ ತಗುಲಿತು, ಸುಮಾರು 10,000 ಜನ ಸತ್ತರು. ಪಡೆಯಿಂದ ಹಾನಿಯಾದವರ ಅಹವಾಲು ಕೇಳಲು ಆಯೋಗವೊಂದು ಇರತಕ್ಕದ್ದು ಎಂದು 2004ರ ಒಪ್ಪಂದದಲ್ಲಿತ್ತು. ಆಯೋಗ ಹುಟ್ಟಲೇ ಇಲ್ಲ. ಅರ್ಜಿಗಳು ಸ್ವೀಕಾರಾರ್ಹವಲ್ಲ ಎಂದು ವಿಶ್ವಸಂಸ್ಥೆ 2013ರಲ್ಲಿ ತಳ್ಳಿಹಾಕಿತು. ಅದನ್ನು ಕಟಕಟೆಗೆ ಎಳೆಯಲಾಗದು ಎಂದು 2016ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಆ ಡಿಸೆಂಬರಿನಲ್ಲಿ ಬಾನ್ ಕಿ ಮೂನ್ ಕ್ಷಮೆ ಕೇಳಿದರು. ರೋಗ ತಂದದ್ದಕ್ಕಲ್ಲ, ಅದನ್ನು ತಡೆಯಲು ಸಾಕಷ್ಟು ಮಾಡದೇ ಇದ್ದುದಕ್ಕೆ! ಘೋಷಿಸಿದ್ದು 40 ಕೋಟಿ ಡಾಲರಿನ ಯೋಜನೆ, ಸೇರಿದ್ದು ಅದರ ಚಿಕ್ಕ ಪಾಲು. ಜಗತ್ತಿಗೆಲ್ಲ ಮಾನವ ಹಕ್ಕುಗಳ ಪಾಠ ಹೇಳುವ ಸಂಸ್ಥೆಯಿದು.

ಅಲ್ಲಿಯ ಆಳುವವರು ಭ್ರಷ್ಟರು, ಅವರ ಕೈಗೆ ದುಡ್ಡು ಕೊಡಲಾದೀತೇ ಎನ್ನುವವರಿದ್ದಾರೆ. ಭ್ರಷ್ಟರೆಂದೇ ಒಪ್ಪೋಣ. ಆದರೆ ದುವಾಲಿಯೇ ಅಪ್ಪ-ಮಗ 1957ರಿಂದ 1986ರವರೆಗೆ ದೇಶವನ್ನು ದೋಚುತ್ತಿದ್ದಾಗಲೂ ಸಾಲ ಸಿಗುತ್ತಲೇ ಇತ್ತಲ್ಲ? ಕ್ಲಿಂಟನ್ ಸಹ ಅಧ್ಯಕ್ಷರಾಗಿದ್ದ ಪುನರ್ನಿರ್ಮಾಣ ಆಯೋಗದಲ್ಲಿ ತಮ್ಮನ್ನು ಮೂಲೆಗೆ ತಳ್ಳಲಾಗಿದೆಯೆಂದು ಹೈಟಿಯ ಸದಸ್ಯರೇ 2010ರ ಡಿಸೆಂಬರಿನಲ್ಲಿ ಪತ್ರ ಬರೆದು ಪ್ರತಿಭಟಿಸಬೇಕಾಯಿತು.

ನಾವು ನೆರವು ಬೇಡವೆನ್ನುವವರಲ್ಲ. ಅವಶೇಷದಡಿ ಸಿಕ್ಕಿಕೊಂಡವನಿಗೆ ಸಿದ್ಧಾಂತ ಹೇಳುವಷ್ಟು ನಾವು ಕಲ್ಲೆದೆಯವರೂ ಅಲ್ಲ. ನಾವು ಕೇಳುವುದಿಷ್ಟೆ: ಸಹಾಯಕ್ಕೆ ಬಂದವನು ಮನೆಯವರ ಮಾತು ಕೇಳಲಿ, ಹಾಳು ಮಾಡಿದರೆ ಆ ಮನೆಯಂಗಳದಲ್ಲೇ ನಿಂತು ಉತ್ತರ ಕೊಡಲಿ.

2023ರ ಅಕ್ಟೋಬರಿನಲ್ಲಿ ಭದ್ರತಾ ಮಂಡಳಿ ಹೈಟಿಗೆ ಮತ್ತೊಂದು ವಿದೇಶಿ ಪಡೆ ಕಳಿಸಲು ಒಪ್ಪಿತು. ಈ ಸಲ ನಿರ್ಣಯದಲ್ಲಿ ಕೊಳಚೆ ನೀರಿನ ವಿಲೇವಾರಿಯ ಮಾತೂ ಇತ್ತು. ಅಷ್ಟು ಹೊತ್ತಿಗೆ ಆ ದೇಶದಲ್ಲಿ ರಾಷ್ಟ್ರಮಟ್ಟದ ಚುನಾಯಿತ ಪ್ರತಿನಿಧಿ ಒಬ್ಬರೂ ಉಳಿದಿರಲಿಲ್ಲ. ಕೊನೆಯ ಹತ್ತು ಸೆನೆಟರುಗಳ ಅವಧಿ ಜನವರಿಯಲ್ಲೇ ಮುಗಿದಿತ್ತು.